ತಿದ್ದಿ ಸ್ವಾಮೀ, ಆದರೆ ನಗಬೇಡಿ

ನಮ್ಮ ಕೂಟದ ಪತ್ರಿಕೆಯ ಹಿಂದಿನ ಸಂಚಿಕೆಯಲ್ಲಿ ಹಿರಿಯ ಸದಸ್ಯರೊಬ್ಬರು 'ನಮ್ಮವರ ಇಂಗ್ಲಿಷ್' ಎಂಬ ತಲೆಬರಹದ ಕೆಳಗೆ ನಲವತ್ತು ತಪ್ಪುಗಳ ಪಟ್ಟಿಯೊಂದನ್ನು ಕೊಟ್ಟಿದ್ದರು. ಓದಿದವರೆಲ್ಲ ನಕ್ಕರು. ಪಾಟ್‌ಲಕ್ಕಿನ ದಿನ ಬಿಸಿಬೇಳೆಭಾತಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅದನ್ನು ಗಟ್ಟಿಯಾಗಿ ಓದಿ ಇತರರನ್ನು ನಗಿಸಿದವರೂ ಉಂಟು. ಇಷ್ಟು ವರ್ಷ ಈ ದೇಶದ ನೀರು ಕುಡಿದೂ ನಮ್ಮವರು ಕಲಿಯಲಿಲ್ಲವಲ್ಲ ಎಂದು ಪಟ್ಟಿಯ ಕೊನೆಯಲ್ಲಿ ಲೇಖಕರು ನಿಟ್ಟುಸಿರು ಬಿಟ್ಟಿದ್ದಾರೆ. ಲೇಖಕರ ಮೇಲೆ ನನಗೆ ಗೌರವವಿದೆ. ಪಟ್ಟಿಯ ಮೇಲೆ ಇಲ್ಲ. ಏಕೆ ಇಲ್ಲ ಎಂದು ಹೇಳುವುದಕ್ಕಾಗಿಯೇ ಸಂಪಾದಕರಲ್ಲಿ ಎರಡು ಪುಟ ಕೇಳಿ ಪಡೆದಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. 'ಅರ್ಥವಾದರೆ ಸಾಕು, ವ್ಯಾಕರಣ ಯಾರಿಗೆ ಬೇಕು' ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ನಾವು ಬದುಕುತ್ತಿರುವುದು ಇಂಗ್ಲಿಷಿನ ನಾಡಿನಲ್ಲಿ. ಕೆಲಸ, ಆಸ್ಪತ್ರೆ, ಮಕ್ಕಳ ಶಾಲೆ, ವೀಸಾ, ಮನೆ ಬಾಡಿಗೆ, ಎಲ್ಲವೂ ಆ ಭಾಷೆಯಲ್ಲೇ ನಡೆಯುತ್ತವೆ. ತಪ್ಪನ್ನು ತಿದ್ದಲೇಬೇಕು. ನನ್ನ ತಕರಾರು ಬೇರೆ. ಆ ಪಟ್ಟಿಯಲ್ಲಿ ಅಕ್ಕಿ, ಹೊಟ್ಟು, ಕಲ್ಲು ಮೂರನ್ನೂ ಒಂದೇ ಮೂಟೆಗೆ ತುಂಬಿದ್ದಾರೆ. ತಪ್ಪೇ ಅಲ್ಲದವು ಕೆಲವು. ತಪ್ಪೆನ್ನಿಸಿದರೂ ಯಾರಿಗೂ ತೊಂದರೆ ಮಾಡದೆ, ನಾವು ಎಲ್ಲಿಂದ ಬಂದವರೆಂದು ಮಾತ್ರ ಹೇಳುವಂಥವು ಕೆಲವು. ನಿಜವಾಗಿ ಕೆಲಸಕ್ಕೆ, ಮರ್ಯಾದೆಗೆ, ಕೆಲವೊಮ್ಮೆ ಜೀವಕ್ಕೇ ಕುತ್ತು ತರುವಂಥವು ಕೆಲವು. ತಮಾಷೆಯೆಂದರೆ, ಈ ಮೂರನೆಯ ಗುಂಪಿನವು ಪಟ್ಟಿಯಲ್ಲಿ ಒಂದೋ ಎರಡೋ ಇದ್ದವು, ಅಷ್ಟೆ. ಏಕೆಂದರೆ ಅವು ನಗು ತರಿಸುವುದಿಲ್ಲ.

ತಪ್ಪೇ ಅಲ್ಲದವನ್ನು ಮೊದಲು ನೋಡೋಣ. ವಾಕ್ಯದ ಕೊನೆಯಲ್ಲಿ 'ವಿತ್', 'ಫಾರ್', 'ಟು' ಮುಂತಾದ ಪದಗಳು ಬರಕೂಡದು ಎಂದು ಪಟ್ಟಿ ಅಪ್ಪಣೆ ಕೊಡಿಸುತ್ತದೆ. ಈ ಕಟ್ಟಳೆ ಎಲ್ಲಿಂದ ಬಂತು? 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಬರವಣಿಗೆಯಲ್ಲಿ ಇದನ್ನು ಹುಡುಕಿ ದೋಷವೆಂದು ಎತ್ತಿ ತೋರಿಸಿದ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಬರೆದ ವ್ಯಾಕರಣ ಪುಸ್ತಕ ಬಹಳ ಪ್ರಸಿದ್ಧವಾಯಿತು. ಆತ ಹೇಳಿದ್ದೂ ಇಷ್ಟೇ: ಆಡುಮಾತಿನಲ್ಲಿ ಇದು ಸಹಜ, ಗಂಭೀರ ಬರವಣಿಗೆಯಲ್ಲಿ ಬೇರೆ ರೀತಿ ಹೆಚ್ಚು ಶೋಭಿಸುತ್ತದೆ. ಹಾಗೆ ಹೇಳುವ ವಾಕ್ಯವನ್ನೇ ಆತ 'ಟು' ಎಂದು ಮುಗಿಸಿದ್ದಾನೆ! ಆಮೇಲೆ ಬಂದ ಶಾಲಾ ಮೇಷ್ಟರುಗಳ ಕೈಯಲ್ಲಿ ಸಲಹೆ ಹೋಗಿ ಶಾಸನವಾಯಿತು.

'ಟು' ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ನುಗ್ಗಬಾರದು ಎಂಬ ನಿಯಮದ ಕಥೆಯೂ ಇಂಥದೇ. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಬಲಿತ ಮಡಿ. ಹೆನ್ರಿ ಆಲ್ಫರ್ಡ್ ಎಂಬಾತ 1864ರ ತನ್ನ ಪುಸ್ತಕದಲ್ಲಿ ಇದನ್ನು ಆಕ್ಷೇಪಿಸಿದ. 1926ರಲ್ಲಿ ಫೌಲರ್ ತನ್ನ ಪ್ರಸಿದ್ಧ ಬಳಕೆ ನಿಘಂಟಿನಲ್ಲಿ ಈ ಮಡಿವಂತರನ್ನು ಚೆನ್ನಾಗಿಯೇ ಗೇಲಿ ಮಾಡಿದ್ದಾನೆ. ಫೌಲರನೇ ಬಿಟ್ಟುಕೊಟ್ಟ ಮಡಿಯನ್ನು ನಾವು ಸಾಗರ ದಾಟಿ ಬಂದು ಕಾಪಾಡಬೇಕೆ?

ಇನ್ನು, ಒಬ್ಬರ ಬಗ್ಗೆ ಹೇಳುವಾಗ 'ದೇ' ಎಂದು ಬಹುವಚನ ಬಳಸುವುದು ಈ ಕಾಲದ ಹುಡುಗರ ಹೊಸ ಚೇಷ್ಟೆ ಎಂದು ಲೇಖಕರು ಬರೆದಿದ್ದಾರೆ. ಯಾರೆಂದು ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ 'ದೇ' ಎನ್ನುವುದು ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದಿಂದ ಉಂಟು. ಷೇಕ್ಸ್‌ಪಿಯರ್ ಬಳಸಿದ್ದಾನೆ, ಜೇನ್ ಆಸ್ಟೆನ್ ಬಳಸಿದ್ದಾಳೆ. ಕನ್ನಡಿಗರಿಗಂತೂ ಇದು ವಿಚಿತ್ರವಾಗಿ ಕಾಣಲೇಬಾರದು. ಒಬ್ಬರೇ ಮೇಷ್ಟರನ್ನು 'ಅವರು ಬಂದರು' ಎನ್ನುವವರು ನಾವು. ಇಂಗ್ಲಿಷಿನ 'ಯೂ' ಕೂಡ ಒಂದು ಕಾಲದಲ್ಲಿ ನಮ್ಮ 'ನೀವು' ಇದ್ದಂತೆಯೇ ಬಹುವಚನವಾಗಿತ್ತು, ಗೌರವವಾಚಿಯಾಗಿತ್ತು. ಅವರ 'ನೀನು' ಆಗಿದ್ದ 'ದೌ' ದೇವರ ಪ್ರಾರ್ಥನೆಗೂ ಹಳೆಯ ಕಾವ್ಯಕ್ಕೂ ಹೋಗಿ ಸೇರಿಕೊಂಡಿತು. ಭಾಷೆ ಹರಿಯುತ್ತದೆ. ದಡದಲ್ಲಿ ನಿಂತು ಬೆತ್ತ ತೋರಿಸಿದರೆ ಹೊಳೆ ನಿಲ್ಲುವುದಿಲ್ಲ.

ಇಂಗ್ಲಿಷರು ಇದೇ ಬೆತ್ತವನ್ನು ಒಂದು ಕಾಲದಲ್ಲಿ ಅಮೆರಿಕನ್ನರಿಗೂ ತೋರಿಸಿದ್ದರು ಎಂಬುದನ್ನು ನಮ್ಮವರು ಮರೆಯುತ್ತಾರೆ. ಥಾಮಸ್ ಜೆಫರ್ಸನ್ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ 'ಬಿಲಿಟಲ್' ಎಂಬ ಪದ ಬಳಸಿದಾಗ ಲಂಡನ್ನಿನ ವಿಮರ್ಶಕರು ಇದೆಂಥ ಇಂಗ್ಲಿಷ್ ಎಂದು ಹೀಯಾಳಿಸಿದರು. 'ಟ್ಯಾಲೆಂಟೆಡ್' ಎಂಬ ಪದವನ್ನು 1832ರಲ್ಲಿ ಕವಿ ಕೋಲ್‌ರಿಜ್ ಅಮೆರಿಕದಿಂದ ಬಂದ ಅನಾಗರಿಕ ಪದವೆಂದು ಜರೆದ. ಇಂದು ಆ ಎರಡು ಪದಗಳನ್ನೂ ಯಾರೂ ತಿರುಗಿ ನೋಡುವುದಿಲ್ಲ. ನೋಹ್ ವೆಬ್‌ಸ್ಟರ್ 1828ರಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದು, ನಮ್ಮ ಜನ ಬರೆಯುವುದೇ ನಮ್ಮ ಇಂಗ್ಲಿಷ್ ಎಂದು ಎದೆಯುಬ್ಬಿಸಿ ನಿಂತ. ಹಾಗೆ ನಿಂತವರ ದೇಶಕ್ಕೆ ಬಂದು, ನಾವು ನಮ್ಮ 'ಪ್ರೀಪೋನ್' ಪದಕ್ಕೆ ನಾಚಿಕೆಪಡುತ್ತಿದ್ದೇವೆ. 'ಪೋಸ್ಟ್‌ಪೋನ್' ಇದೆ, ಅದರ ವಿರುದ್ಧಪದ ಬೇಕಿತ್ತು, ಭಾರತದವರು ಬಳಕೆಗೆ ತಂದರು, ಆಕ್ಸ್‌ಫರ್ಡ್ ನಿಘಂಟು ಸೇರಿಸಿಕೊಂಡಿತು. ಮುಗಿಯಿತು. 'ಡೂ ದ ನೀಡ್‌ಫುಲ್' ಎಂಬುದು ನಮ್ಮ ಗುಮಾಸ್ತರ ಸೃಷ್ಟಿ ಎಂದು ಪಟ್ಟಿ ನಗುತ್ತದೆ. ಅದು ಬ್ರಿಟಿಷರೇ ಬರೆಯುತ್ತಿದ್ದ ಮಾತು. ಅವರು ಬಿಟ್ಟುಹೋದ ಕಚೇರಿಯಲ್ಲಿ ನಾವು ಅದನ್ನು ಜೋಪಾನ ಮಾಡಿಟ್ಟೆವು. ಇಲ್ಲಿಯ ಕಚೇರಿಯಲ್ಲಿ ಅದು ಹಳೆಯ ಕೋಟಿನಂತೆ ಕಾಣುತ್ತದೆ, ಆದ್ದರಿಂದ ಬಳಸಬೇಡಿ ಎಂದು ಹೇಳಿ, ಒಪ್ಪುತ್ತೇನೆ. ಹಳೆಯ ಕೋಟು ಬೇರೆ, ಹರಿದ ಕೋಟು ಬೇರೆ.

ಎರಡನೆಯ ಗುಂಪಿಗೆ ಬರೋಣ. ಇಲ್ಲಿ ನಡೆಯುತ್ತಿರುವುದು ಅಜ್ಞಾನವಲ್ಲ, ಕನ್ನಡ ವ್ಯಾಕರಣ. 'ಐ ಆಮ್ ಕಮಿಂಗ್ ಫ್ರಮ್ ದೇರ್ ಓನ್ಲಿ' ಎಂದರೆ ಎಲ್ಲರಿಗೂ ನಗು. 'ಅಲ್ಲಿಂದಲೇ ಬರ್ತಾ ಇದ್ದೀನಿ' ಎನ್ನುವಾಗಿನ ಆ 'ಏ' ಇದೆಯಲ್ಲ, ಒಂದೇ ಸ್ವರದಲ್ಲಿ ಒತ್ತು ಕೊಡುವ ಆ ಸೊಗಸು ಇಂಗ್ಲಿಷಿನಲ್ಲಿ ಇಲ್ಲ. ಪಾಪ, ಮಾತಾಡುವವರು 'ಓನ್ಲಿ' ಎಂಬ ಪದವನ್ನು ತಂದು ಆ ಜಾಗಕ್ಕೆ ಕೂರಿಸುತ್ತಾರೆ. ಪ್ರತಿ ವಾಕ್ಯದ ಕೊನೆಗೂ 'ಇಸಂಟ್ ಇಟ್' ಎನ್ನುವುದು ನಮ್ಮ 'ಅಲ್ಲವೇ'. ಫ್ರೆಂಚರೂ ಎಲ್ಲ ವಾಕ್ಯಕ್ಕೂ ಒಂದೇ 'ಅಲ್ಲವೇ' ಅಂಟಿಸುತ್ತಾರೆ, ಅವರನ್ನು ನೋಡಿ ಯಾರೂ ನಗುವುದಿಲ್ಲ. 'ಹಾಟ್ ಹಾಟ್ ಕಾಫಿ' ಎಂದರೆ ಬಿಸಿ ಬಿಸಿ ಕಾಫಿ. ಹಬೆಯಾಡುವುದು ಕಾಣಬೇಕಾದರೆ ಎರಡು ಸಲ ಹೇಳಬೇಕು ಸ್ವಾಮೀ! 'ಕಸಿನ್ ಬ್ರದರ್' ಎಂಬುದನ್ನು ಪಟ್ಟಿ ಎರಡು ಸಲ ಹೀಯಾಳಿಸಿದೆ. ದೊಡ್ಡಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರತ್ತೆಯ ಮಗ ಭಾವನೋ ಮೈದುನನೋ ಆಗುತ್ತಾನೆ. ಒಬ್ಬ ಒಡಹುಟ್ಟಿದವನಿಗೆ ಸಮ, ಇನ್ನೊಬ್ಬನಿಗೆ ಹೆಣ್ಣು ಕೊಡಬಹುದು. ಇಂಗ್ಲಿಷಿನ 'ಕಸಿನ್' ಎಂಬ ಪದದಲ್ಲಿ ಗಂಡೋ ಹೆಣ್ಣೋ ಎಂಬುದೂ ತಿಳಿಯದು. ಬಡತನ ಯಾವ ಭಾಷೆಯದು, ಹೇಳಿ?

ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಹೊರಬಂದ ತಮ್ಮ 'ಕಾಂತಾಪುರ' ಕಾದಂಬರಿಯನ್ನು ಇಂಗ್ಲಿಷಿನಲ್ಲೇ ಬರೆದರು. ಆದರೆ ಕತೆಯನ್ನು ನಮ್ಮ ಹಳ್ಳಿಯ ಅಜ್ಜಿಯೊಬ್ಬಳ ಬಾಯಲ್ಲಿ, ಅವಳ ಧಾಟಿಯಲ್ಲೇ ಹೇಳಿಸಿದರು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಪಠ್ಯವಾಗಿ ಓದುತ್ತಾರೆ. ಅದೇ ಧಾಟಿಯಲ್ಲಿ ನಮ್ಮ ಕೂಟದ ಅಜ್ಜಿ ಮಾತಾಡಿದರೆ ಅದು ಪಟ್ಟಿಯ ಹದಿನೇಳನೆಯ ತಪ್ಪು!

ಈ ನಗುವಿಗೆ ಬೆಲೆ ಕೊಡುವವರು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ದೀಪಾವಳಿಯ ಕಾರ್ಯಕ್ರಮದಲ್ಲಿ, ಬಂದು ಒಂದು ವರ್ಷವೂ ಆಗಿರದ ಹೆಣ್ಣುಮಗಳೊಬ್ಬಳು ವಂದನಾರ್ಪಣೆ ಮಾಡಲು ನಿಂತಳು. ಸಭೆಯಲ್ಲಿ ಕನ್ನಡ ಬಾರದ ಅತಿಥಿಗಳಿದ್ದುದರಿಂದ ಇಂಗ್ಲಿಷಿನಲ್ಲಿ ಮಾತಾಡಿದಳು. 'ಐ ಆಮ್ ಥ್ಯಾಂಕಿಂಗ್ ಟು ಆಲ್' ಎಂದದ್ದೇ ತಡ, ಮುಂದಿನ ಸಾಲಿನಿಂದ ಒಬ್ಬರು ಗಟ್ಟಿಯಾಗಿ ತಿದ್ದಿದರು. ಸಭೆ ಗೊಳ್ಳೆಂದು ನಕ್ಕಿತು. ಅತಿಥಿಗಳಿಗೆ ಏಕೆ ನಗುತ್ತಿದ್ದಾರೆಂದೇ ತಿಳಿಯಲಿಲ್ಲ, ಏಕೆಂದರೆ ಅವರಿಗೆ ಆಕೆ ಹೇಳಿದ್ದು ಸಲೀಸಾಗಿ ಅರ್ಥವಾಗಿತ್ತು. ಆ ಹೆಣ್ಣುಮಗಳು ಅಂದಿನಿಂದ ಮೈಕಿನ ಹತ್ತಿರ ಸುಳಿದಿಲ್ಲ. ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು, ಇಲ್ಲಿ ಮಗನ ಶಾಲೆಯಲ್ಲಿ ಟೀಚರನ್ನು ಕಾಣಲು ಗಂಡನನ್ನು ಮುಂದೆ ಬಿಟ್ಟು ತಾನು ಹಿಂದೆ ಕೂರುತ್ತಾಳೆ. ಒಂದು 'ಟು' ಪದವನ್ನು ಉಳಿಸಲು ಹೋಗಿ ಒಬ್ಬ ಮನುಷ್ಯಳ ಮಾತನ್ನೇ ಕಿತ್ತುಕೊಂಡೆವು. ಇದನ್ನು ತಿದ್ದುಪಡಿ ಎನ್ನುತ್ತೀರಾ?

ಈಗ ಮೂರನೆಯ ಗುಂಪು. ಲೇಖಕರು ನಿಜವಾಗಿ ಪಟ್ಟಿ ಮಾಡಬೇಕಿದ್ದದ್ದು ಇವನ್ನು.

ಮೊದಲನೆಯದು, 'ಇಲ್ಲ ತಾನೆ' ಎಂಬ ಪ್ರಶ್ನೆಗೆ ಉತ್ತರ. ನರ್ಸು ಕೇಳುತ್ತಾಳೆ: ನಿಮಗೆ ಪೆನಿಸಿಲಿನ್ ಅಲರ್ಜಿ ಇಲ್ಲ ತಾನೆ? ಕನ್ನಡದಲ್ಲಿ 'ಹೌದು' ಎಂದರೆ ನೀವು ಹೇಳಿದ್ದು ಸರಿ, ಅಲರ್ಜಿ ಇಲ್ಲ ಎಂದರ್ಥ. 'ಇಲ್ಲ' ಎಂದರೆ ನೀವು ಹೇಳಿದ್ದು ಸರಿಯಲ್ಲ, ಅಲರ್ಜಿ ಇದೆ ಎಂದೂ ಆಗಬಹುದು. 'ಇಲ್ಲ ಇಲ್ಲ, ಇದೆ' ಎನ್ನುವುದಿಲ್ಲವೇ ನಾವು? ಇಂಗ್ಲಿಷಿನಲ್ಲಿ ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, 'ನೋ' ಎಂದರೆ ಅಲರ್ಜಿ ಇಲ್ಲ, 'ಯೆಸ್' ಎಂದರೆ ಇದೆ. ಊರಿನಿಂದ ಬಂದ ತಂದೆತಾಯಿಯರು ಕನ್ನಡದ ಲೆಕ್ಕದಲ್ಲಿ 'ನೋ' ಎಂದರೆ ನರ್ಸು ಇಂಗ್ಲಿಷಿನ ಲೆಕ್ಕದಲ್ಲಿ ಬರೆದುಕೊಳ್ಳುತ್ತಾಳೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಉಪಾಯ ಸುಲಭ. ಬರೀ 'ಯೆಸ್', 'ನೋ' ಎನ್ನದೆ 'ಐ ಹ್ಯಾವ್ ಅಲರ್ಜಿ' ಅಥವಾ 'ಐ ಹ್ಯಾವ್ ನೋ ಅಲರ್ಜಿ' ಎಂದು ಪೂರ್ತಿ ಹೇಳಲು ಕಲಿಸಿ. ಇಲ್ಲಿ 'ಎ', 'ಆನ್' ಬಿಟ್ಟುಹೋದರೆ ಹೋಗಲಿ, ಜೀವ ಉಳಿಯುತ್ತದೆ. ಇನ್ನೊಂದು ಮಾತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಹಾಗೂ 2010ರ ಆರೋಗ್ಯ ಕಾಯ್ದೆಯ ಪ್ರಕಾರ ಇಲ್ಲಿ ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ಖರ್ಚಿಲ್ಲದೆ ಭಾಷಾ ಸಹಾಯ ಒದಗಿಸಬೇಕು. ಕೇಳಿ ಪಡೆಯಿರಿ. ಅದು ಭಿಕ್ಷೆಯಲ್ಲ.

ಎರಡನೆಯದು, ವಿನಯ. ನಮ್ಮವರ ಕಾಗದ ಒರಟು ಎಂದು ಕಚೇರಿಯಲ್ಲಿ ದೂರು ಬರುವುದುಂಟು. ಬರೆದವರು ಸಾಧುಪ್ರಾಣಿ, ಅವರಿಗೇ ಆಶ್ಚರ್ಯ. ಕಾರಣ ಹೀಗಿದೆ. ಕನ್ನಡದಲ್ಲಿ 'ಕಳಿಸು' ಬೇರೆ, 'ಕಳಿಸಿ' ಬೇರೆ. ಗೌರವವೆಲ್ಲ ಆ ಕೊನೆಯ ಸ್ವರದಲ್ಲೇ ಅಡಗಿದೆ. 'ಶುಕ್ರವಾರದೊಳಗೆ ಕಳಿಸಿ' ಎಂದರೆ ಸಾಕಷ್ಟು ಮರ್ಯಾದೆಯಾಯಿತು. ಇಂಗ್ಲಿಷಿನ 'ಸೆಂಡ್' ಒಂದೇ, ಅದರಲ್ಲಿ ಆ ಸ್ವರವಿಲ್ಲ. 'ಸೆಂಡ್ ಮಿ ದ ಫೈಲ್ ಬೈ ಫ್ರೈಡೇ' ಎಂದು ಬರೆದವರ ಮನಸ್ಸಿನಲ್ಲಿ 'ಕಳಿಸಿ' ಇದೆ, ಓದಿದವರಿಗೆ 'ಕಳಿಸು' ಎಂದು ಕೇಳಿಸುತ್ತದೆ. 'ಕುಡ್ ಯೂ' ಎಂದು ಶುರುಮಾಡಿದರೆ ಬಿಟ್ಟುಹೋದ ಮರ್ಯಾದೆ ವಾಪಸು ಬರುತ್ತದೆ. ವ್ಯಾಕರಣದಲ್ಲಿ ಆ ವಾಕ್ಯ ಅಪ್ಪಟ ಸರಿ ಎಂಬುದನ್ನು ಗಮನಿಸಿ. ಆದ್ದರಿಂದಲೇ ತಪ್ಪಿನ ಪಟ್ಟಿಯವರ ಕಣ್ಣಿಗೆ ಅದು ಬೀಳುವುದಿಲ್ಲ.

ಮೂರನೆಯದು, ಆ ಪುಟ್ಟ 'ಎ'. ಕನ್ನಡದಲ್ಲಿ ಅಂಥ ಪದ ಇಲ್ಲದ್ದರಿಂದ ಅದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ನಮಗೆ ಜನ್ಮಪೂರ್ತಿ ಪೇಚಾಟ. ಹತ್ತರಲ್ಲಿ ಒಂಬತ್ತು ಕಡೆ ಅದು ಬಿಟ್ಟುಹೋದರೆ ಆಕಾಶವೇನೂ ಬೀಳುವುದಿಲ್ಲ. ಆದರೆ 'ಐ ಹ್ಯಾವ್ ಎ ಲಿಟಲ್ ಎಕ್ಸ್‌ಪೀರಿಯನ್ಸ್' ಎಂದರೆ ಒಂದಿಷ್ಟು ಅನುಭವ ಇದೆ ಎಂದು. 'ಎ' ಬಿಟ್ಟು 'ಲಿಟಲ್ ಎಕ್ಸ್‌ಪೀರಿಯನ್ಸ್' ಎಂದರೆ ಅನುಭವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು. ಕೆಲಸದ ಅರ್ಜಿಯಲ್ಲಿ ಈ ಒಂದಕ್ಷರ ಸಂಬಳವನ್ನೇ ನುಂಗಬಹುದು. 'ಫ್ಯೂ', 'ಎ ಫ್ಯೂ' ಎರಡರ ಕಥೆಯೂ ಅದೇ.

ನಾಲ್ಕನೆಯದು 'ಸಿನ್ಸ್'. 'ಹತ್ತು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ', '2015ರಿಂದ ಕೆಲಸ ಮಾಡ್ತಾ ಇದ್ದೀನಿ', ಎರಡಕ್ಕೂ ನಮಗೆ ಒಂದೇ 'ಇಂದ' ಸಾಕು, ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿಗೆ ಸಾಲದು. ಅವಧಿ ಹೇಳುವಾಗ 'ಫಾರ್', ಆರಂಭದ ದಿನ ಹೇಳುವಾಗ 'ಸಿನ್ಸ್', ಎರಡರಲ್ಲೂ 'ಹ್ಯಾವ್ ಬೀನ್ ವರ್ಕಿಂಗ್'. ಕಾರಣ ಸಮೇತ ಹೀಗೆ ಒಮ್ಮೆ ಹೇಳಿದರೆ ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆ. 'ಐ ಹ್ಯಾವ್ ಎ ಡೌಟ್' ಎಂಬುದೂ ಇಲ್ಲೇ ಸೇರುತ್ತದೆ. ನಮ್ಮ 'ಸಂದೇಹ' ಎಂದರೆ ಕೇಳಿ ತಿಳಿದುಕೊಳ್ಳುವ ಪ್ರಶ್ನೆಯೂ ಹೌದು, ನಂಬಿಕೆ ಇಲ್ಲದಿರುವುದೂ ಹೌದು. ಅವರ 'ಡೌಟ್' ಬಹುಮಟ್ಟಿಗೆ ಎರಡನೆಯದು ಮಾತ್ರ. ಮೀಟಿಂಗಿನಲ್ಲಿ ಮೇಲಧಿಕಾರಿಯ ಯೋಜನೆ ಕುರಿತು 'ಡೌಟ್ ಇದೆ' ಎಂದರೆ ಅವರು ಹುಬ್ಬು ಗಂಟಿಕ್ಕುವುದು ಸಹಜ. 'ಕ್ವೆಶ್ಚನ್' ಎಂದರೆ ಮುಗಿಯಿತು. ಕೊನೆಗೆ ತಾರೀಖು: 4/7 ಎಂದರೆ ನಮಗೆ ಜುಲೈ ನಾಲ್ಕು, ಇವರಿಗೆ ಏಪ್ರಿಲ್ ಏಳು. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಇಲ್ಲ.

ಈಗ ಇದೆಲ್ಲವನ್ನೂ ಯಂತ್ರವೇ ತಿದ್ದಿಕೊಡುತ್ತದಲ್ಲ ಎನ್ನುವವರಿದ್ದಾರೆ. ಕಾಗದವನ್ನು ತಿದ್ದಿಕೊಡುತ್ತದೆ, ನಿಜ, ಬಳಸಿಕೊಳ್ಳಿ. ಆದರೆ 'ಎ ಲಿಟಲ್' ಎಂಬುದು ನಿಮ್ಮ ಮನಸ್ಸಿನಲ್ಲಿತ್ತೋ 'ಲಿಟಲ್' ಎಂಬುದು ಇತ್ತೋ ಅದಕ್ಕೆ ಹೇಗೆ ಗೊತ್ತಾಗಬೇಕು? ನರ್ಸಿನ ಮುಂದೆ ಅಮ್ಮ 'ನೋ' ಎಂದಾಗ ಅಮ್ಮನ ಎಣಿಕೆ ಏನೆಂದು ತಿಳಿದವರು ಪಕ್ಕದಲ್ಲಿ ಕೂತ ಕನ್ನಡದವರು ಮಾತ್ರ.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೂ ಒಂದು ಮಾತು. ಅಪ್ಪನ 'ಸಿನ್ಸ್ ಟೆನ್ ಇಯರ್ಸ್' ಕೇಳಿ ನಗುವ ಮಗ 'ಕುಡ್ ಹ್ಯಾವ್' ಎಂಬುದನ್ನು 'ಕುಡ್ ಆಫ್' ಎಂದು ಬರೆದು ಶಾಲೆಯಲ್ಲಿ ಕೆಂಪು ಗೆರೆ ಹಾಕಿಸಿಕೊಂಡು ಬರುತ್ತಾನೆ. 'ಇಟ್ಸ್' ಎಂಬುದಕ್ಕೆ ಮೇಲೆ ಕೊಂಬು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೂ ಅವನಿಗೆ ಗೊಂದಲ. ಅವನು ಕಿವಿಯಿಂದ ಕಲಿತವನು, ಆದ್ದರಿಂದ ಕಾಗುಣಿತದಲ್ಲಿ ಎಡವುತ್ತಾನೆ. ಅಪ್ಪ ಕಣ್ಣಿನಿಂದ, ರೆನ್ ಅಂಡ್ ಮಾರ್ಟಿನ್ ಪುಸ್ತಕದಿಂದ ಕಲಿತವನು, ಆದ್ದರಿಂದ ಮಾತಿನಲ್ಲಿ ಎಡವುತ್ತಾನೆ. ಇಬ್ಬರೂ ಎದುರುಬದುರು ಕೂತರೆ ಇಬ್ಬರಿಗೂ ಲಾಭ. ಒಬ್ಬ ಇನ್ನೊಬ್ಬನನ್ನು ನೋಡಿ ನಕ್ಕರೆ ಮನೆಯಲ್ಲಿ ಮಾತೇ ನಿಲ್ಲುತ್ತದೆ.

ಕೊನೆಗೊಂದು ಕಹಿ ಮಾತು. ತಪ್ಪಿನ ಪಟ್ಟಿ ಅಚ್ಚಾದ ಅದೇ ಸಂಚಿಕೆಯ ಮುಖಪುಟದಲ್ಲಿ 'ರಾಜ್ಯೋತ್ಸವದ ಹಾರ್ಧಿಕ ಶುಭಾಷಯಗಳು' ಎಂದು ದಪ್ಪಕ್ಷರದಲ್ಲಿತ್ತು. ಹಾರ್ದಿಕ, ಶುಭಾಶಯ ಎಂದಿರಬೇಕು. ಒಬ್ಬರೂ ನಗಲಿಲ್ಲ. ನಗದಿದ್ದುದು ಒಳ್ಳೆಯದೇ. ಆದರೆ ಯಾರೂ ನೋಡಲೂ ಇಲ್ಲವಲ್ಲ! ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರಂತೆ ಎಂಬ ಗಾದೆ ನಮಗಾಗಿಯೇ ಹುಟ್ಟಿತೇನೋ. ಇಂಗ್ಲಿಷಿನ ತಪ್ಪಿಗೆ ನಾಚಿಕೆ, ಕನ್ನಡದ ತಪ್ಪಿಗೆ ಉದಾಸೀನ ಎಂದಾದರೆ ಅದು ವ್ಯಾಕರಣ ಪ್ರೇಮವಲ್ಲ, ಯಜಮಾನನ ಭಯ.

ತಿದ್ದುವುದು ಹೇಗೆಂದು ತಿಳಿಯಲು ನಮಗೆ ಹೊರಗಿನ ಗುರುಗಳು ಬೇಕಿಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಶುರುಮಾಡಿ ವರ್ಷಗಟ್ಟಲೆ ಜನರ ಪ್ರಶ್ನೆಗಳಿಗೆ ಉತ್ತರಿಸಿದರು. ನೂರ ಏಳು ವರ್ಷ ತುಂಬುಬಾಳು ಬಾಳಿ 2021ರಲ್ಲಿ ತೀರಿಕೊಂಡರು. ಪದ ಎಲ್ಲಿಂದ ಬಂತು, ಈ ರೂಪ ಏಕೆ ಸರಿ ಎಂದು ಬಿಡಿಸಿ ಹೇಳುವುದು ಅವರ ರೀತಿ. ತಿದ್ದುವುದೆಂದರೆ ಅದು.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ಬೇಡಿಕೆ ಮೂರು. ಒಂದು, ಮೈಕಿನ ಮುಂದೆ ನಿಂತವರನ್ನು ಸಭೆಯಲ್ಲಿ ತಿದ್ದುವ ಪದ್ಧತಿ ಇಂದಿಗೇ ನಿಲ್ಲಲಿ. ಎರಡು, ತಿಂಗಳಿಗೊಂದು ಶನಿವಾರ, ಕನ್ನಡ ಶಾಲೆ ನಡೆಯುವ ಹೊತ್ತಿನಲ್ಲೇ ಪಕ್ಕದ ಕೊಠಡಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಇಬ್ಬರು ಕೂರಲಿ. ಅರ್ಜಿ, ದೂರಿನ ಪತ್ರ, ಆಸ್ಪತ್ರೆಯ ಫಾರಂ ಯಾರೇ ತಂದರೂ ಬಾಗಿಲು ಮುಚ್ಚಿಕೊಂಡು, ಕಾರಣ ಹೇಳಿ, ತಿದ್ದಿಕೊಡಲಿ. ಪಟ್ಟಿ ಬರೆದ ಹಿರಿಯರೇ ಮೊದಲ ಶನಿವಾರ ಕೂತರೆ ನನಗೆ ಬಹಳ ಸಂತೋಷ. ಅವರಷ್ಟು ಇಂಗ್ಲಿಷ್ ಬಲ್ಲವರು ನಮ್ಮಲ್ಲಿ ಕಡಿಮೆ. ಆ ವಿದ್ಯೆ ನಗೆಹನಿಯಾಗಿ ವ್ಯರ್ಥವಾಗಬಾರದು. ಮೂರು, ಪತ್ರಿಕೆ ಪ್ರತಿ ತೆಗೆಯುವ ಮುನ್ನ ಅದರ ಕನ್ನಡವನ್ನೂ ಒಬ್ಬರು ನೋಡಲಿ.

ಈ ಬರಹಕ್ಕೆ ಉತ್ತರ ಕೊಡಬಯಸುವವರು ಸಂಪಾದಕರಿಗೆ ಬರೆಯಿರಿ. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಿರಿ. ತಪ್ಪಿದ್ದರೆ ಅಚ್ಚಿಗೆ ಮುಂಚೆ ಸದ್ದಿಲ್ಲದೆ ತಿದ್ದಿಕೊಳ್ಳೋಣ.